ತೋಟಾ ಮರುಭರ್ತಿ ಪ್ರೆಸ್‌ಗಳ ವಿಚಾರಣೆಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಡಿಕೇರಿ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ಖಾಲಿ ತೋಟಾಗಳನ್ನು ಮತ್ತೆ ತುಂಬುವ ಪ್ರೆಸ್‌ಗಳ ಬಗ್ಗೆ ನೀವು ಅಂಗಡಿಗೆ ಬಂದಾಗಲೋ ಫೋನಿನಲ್ಲೋ ವಿಚಾರಿಸಿದರೆ, ಯಾವ ಮಾದರಿ ಯಾವ ಕೆಲಸಕ್ಕೆ ಹೊಂದುತ್ತದೆ ಎಂದು ಇದುವರೆಗೆ ಬಾಯಿಮಾತಿನಲ್ಲೇ ತಿಳಿಸುತ್ತಿದ್ದೆವು. ಬರುವ ತಿಂಗಳ ಒಂದನೇ ತಾರೀಖಿನಿಂದ ಈ ಪದ್ಧತಿ ಬದಲಾಗಲಿದೆ. ಮನೆಯಲ್ಲಿ ಇಟ್ಟುಕೊಳ್ಳಲು ಪ್ರೆಸ್ ಬೇಕೆಂಬ ಯಾವ ವಿಚಾರಣೆಯನ್ನೂ ಇನ್ನು ಮುಂದೆ ಸ್ವೀಕರಿಸುವುದಿಲ್ಲ. ತೋಟಾ ತಯಾರಿಕೆಗೆ ಬೇಕಾದ ಪರವಾನಗಿಯನ್ನು ಹೊಂದಿರುವ ಸಂಸ್ಥೆಗಳು ಅದರ ಪ್ರತಿಯನ್ನು ಲಗತ್ತಿಸಿ ಬರೆದು ಕೇಳಿದರೆ ಮಾತ್ರ ಉತ್ತರಿಸುತ್ತೇವೆ.

ಕಾರಣವನ್ನು ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಈ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಕೊಡವ ಜನಾಂಗದವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ವಿಚಾರದಲ್ಲಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಕಲಮುಗಳಿಗೆ, ಎಂದರೆ ಕೋವಿಯನ್ನು ಪಡೆದು ಇಟ್ಟುಕೊಳ್ಳುವುದಕ್ಕೆ. ತಯಾರಿಕೆ ಮತ್ತು ಮಾರಾಟದ ಮಾತು ಬರುವುದು 5ನೇ ಕಲಮಿನಲ್ಲಿ. ಅದೇ ಕಾಯ್ದೆಯ 2ನೇ ಕಲಮು ಮದ್ದುಗುಂಡು ಎಂದರೇನೆಂದು ವಿವರಿಸುವಾಗ ತುಂಬಿದ ತೋಟಾ ಒಂದನ್ನೇ ಹೇಳದೆ, ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಿದೆ. ಹೀಗಾಗಿ ವಿನಾಯಿತಿ ಪತ್ರ ಕೈಯಲ್ಲಿರುವ ಮನೆಯವರು ಅದರ ಬಲದ ಮೇಲೆ ಪ್ರೆಸ್ ತರಿಸಿ ತೋಟಾ ತುಂಬಬಹುದು ಎಂಬುದಕ್ಕೆ ಆಧಾರವಿಲ್ಲ. ಹೊರದೇಶದಲ್ಲಿರುವ ಮಕ್ಕಳು ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ತಂದುಕೊಡುತ್ತಾರೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ಆಮದಿಗೂ 10ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಬೇಕು, ಮತ್ತು ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾದವರು ಆ ಮಕ್ಕಳೇ.

ಇನ್ನು ಯಾವ ಪ್ರೆಸ್ ಆರಿಸಬೇಕು ಎಂಬ ವಿಷಯ. ಅಮೆರಿಕದಂಥ ದೇಶಗಳಲ್ಲಿ ನೆಲೆಸಿ, ಅಲ್ಲಿನ ಕಾನೂನಿಗೆ ಒಳಪಟ್ಟು ಗುರಿ ಅಭ್ಯಾಸ ಮಾಡುತ್ತಿರುವ ನಿಮ್ಮ ಮನೆಯವರ ಪರವಾಗಿ ಹಲವರು ಇದನ್ನೇ ಕೇಳುತ್ತಿರುವುದರಿಂದ, ನಮ್ಮ ಅಭಿಪ್ರಾಯವನ್ನು ಇಲ್ಲಿಯೇ ಬರೆಯುತ್ತೇವೆ. ಪರವಾನಗಿ ಪಡೆದ ಸಂಸ್ಥೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರೆಸ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಂದು ಸಲಕ್ಕೆ ಒಂದೇ ಡೈ (ಅಳತೆಗೆ ತರುವುದು, ಗುಂಡು ಕೂರಿಸುವುದು ಹೀಗೆ ಒಂದೊಂದು ಕೆಲಸಕ್ಕಿರುವ ಅಚ್ಚು) ಕೂರುತ್ತದೆ, ಹಿಡಿಯನ್ನು ಒಮ್ಮೆ ಎಳೆದರೆ ಒಂದು ಕೇಸಿನ, ಅಂದರೆ ತೋಟಾದ ಖಾಲಿ ಹೊರಕವಚದ, ಮೇಲೆ ಒಂದೇ ಕೆಲಸ ನಡೆಯುತ್ತದೆ. ಟರೆಟ್ ಪ್ರೆಸ್‌ನಲ್ಲಿ ಮೂರು ನಾಲ್ಕು ಡೈಗಳು ತಿರುಗುವ ತಲೆಯಲ್ಲಿ ಮೊದಲೇ ಜೋಡಿಸಿರುವುದರಿಂದ ಪ್ರತಿ ಹಂತಕ್ಕೂ ಬಿಚ್ಚಿ ಹಾಕುವ ಕೆಲಸ ತಪ್ಪುತ್ತದೆ. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ತಿರುಗುವುದು ಕೇಸುಗಳನ್ನು ಹಿಡಿದಿರುವ ತಟ್ಟೆ. ಎಲ್ಲ ಹಂತಗಳೂ ಒಟ್ಟಿಗೆ ನಡೆದು, ಹಿಡಿಯ ಪ್ರತಿ ಎಳೆತಕ್ಕೂ ಒಂದು ಪೂರ್ಣ ತೋಟಾ ಹೊರಬೀಳುತ್ತದೆ. ಗಂಟೆಗೆ ಮೊದಲನೆಯದರಲ್ಲಿ ಐವತ್ತರಿಂದ ನೂರು ಆದರೆ, ಕೊನೆಯದರಲ್ಲಿ ನಾನೂರು ದಾಟುವುದು ಕಷ್ಟವಲ್ಲ.

ಈ ವೇಗವನ್ನು ನೋಡಿ ಮರುಳಾಗಬೇಡಿ ಎಂಬುದೇ ನಮ್ಮ ಒತ್ತಾಯದ ಸಲಹೆ. ಹೊಸಬರು ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲೇ, ಅದರಲ್ಲೂ ಎರಡೂ ಬದಿ ಮುಚ್ಚಿದ ಓ ಆಕಾರದ ಎರಕದ ಚೌಕಟ್ಟಿನದರಲ್ಲಿ ಕಲಿಯಬೇಕು. ಒಂದು ಬದಿ ತೆರೆದ ಸಿ ಆಕಾರದ ಚೌಕಟ್ಟು ದೊಡ್ಡ ರೈಫಲ್ ಕೇಸನ್ನು ಅಳತೆಗೆ ತರುವ ಒತ್ತಡಕ್ಕೆ ಸ್ವಲ್ಪ ಬಾಗುತ್ತದೆ. ಸಿಂಗಲ್ ಸ್ಟೇಜ್‌ನಲ್ಲಿ ಕೆಲಸ ಮಾಡುವವರು ಮದ್ದು ಹಾಕಿದ ಐವತ್ತು ಕೇಸುಗಳನ್ನು ರಂಧ್ರಗಳಿರುವ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುನ್ನ ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕಿ ನೋಡುತ್ತಾರೆ. ಒಂದರಲ್ಲಿ ಮದ್ದಿನ ಮಟ್ಟ ಮೇಲಿದ್ದರೂ ಕೆಳಗಿದ್ದರೂ ಆಗಲೇ ಕಣ್ಣಿಗೆ ಬೀಳುತ್ತದೆ. .38 ಸ್ಪೆಷಲ್‌ನಂಥ ಹಳೆಯ ಕಾಲದ ರಿವಾಲ್ವರ್ ಕೇಸಿನಲ್ಲಿ ಜಾಗ ಹೆಚ್ಚು. ಕೆಲವು ಬಗೆಯ ಮದ್ದು ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲದೆ ಒಳಗೇ ಅಡಗುತ್ತದೆ, ಅಂಥ ಒಂದು ತೋಟಾ ಕೋವಿಯನ್ನೇ ಸಿಡಿಸಬಲ್ಲದು. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಈ ನೋಟಕ್ಕೆ ಸಿಗುವುದು ಅರೆಕ್ಷಣ ಮಾತ್ರ. ಮದ್ದಿನ ಮಟ್ಟ ಪರೀಕ್ಷಿಸುವ ಪ್ರತ್ಯೇಕ ಡೈ ಕೂರಿಸಲು ಸ್ಥಾನವಿಲ್ಲದ ಪ್ರೊಗ್ರೆಸಿವ್ ಮಾದರಿಯನ್ನು ನಾವು ಯಾರಿಗೂ ಸೂಚಿಸುವುದಿಲ್ಲ. ತಿಂಗಳಿಗೆ ಸಾವಿರಗಟ್ಟಲೆ ಪಿಸ್ತೂಲ್ ಗುಂಡು ಹಾರಿಸುವ ಸ್ಪರ್ಧಾಳುಗಳಿಗೆ ಆ ಪ್ರೆಸ್ ಬೇಕು, ನಿಜ. ರೈಫಲ್‌ನಲ್ಲಿ ದೂರದ ಗುರಿಗೆ ಎಣಿಸಿ ಹೊಡೆಯುವವರಿಗೆ ಅದು ಬೇಕಾಗಿಯೇ ಇಲ್ಲ.

ಹನ್ನೆರಡು ಬೋರಿನ ತೋಟಾ ಕೋವಿಗೆ (ಚರೆ ಹಾರಿಸುವ ಶಾಟ್‌ಗನ್‌ಗೆ) ಮೇಲಿನ ಯಾವ ಪ್ರೆಸ್ಸೂ ಹೊಂದುವುದಿಲ್ಲ. ಮದ್ದಿಗೂ ಚರೆಗೂ ನಡುವಿನ ಬೆಣೆ ಕೂರಿಸುವುದು, ಚರೆ ಸುರಿಯುವುದು, ಪ್ಲಾಸ್ಟಿಕ್ ಬಾಯಿಯನ್ನು ನಕ್ಷತ್ರದಂತೆ ಮಡಿಸುವುದು, ಇವೆಲ್ಲಕ್ಕೆ ಬೇರೆಯದೇ ಯಂತ್ರವಿದೆ. ನಮ್ಮ ಜಿಲ್ಲೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದು ಈ ಕೋವಿಯೇ ಆದ್ದರಿಂದ, ಕಾರ್ಖಾನೆಯ ತೋಟಾ ಕೊಳ್ಳುವವರೂ ತಿಳಿದಿರಬೇಕಾದ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇವೆ. ತೋಟಾದ ಮೇಲೆ 70 ಮಿ.ಮೀ. ಎಂದು ಬರೆದಿರುವುದು ಹಾರಿದ ನಂತರ ಬಾಯಿ ಬಿಚ್ಚಿಕೊಂಡ ಕೇಸಿನ ಉದ್ದ. ಮಡಿಸಿದ ಸ್ಥಿತಿಯಲ್ಲಿ ಅದು ಇನ್ನೂ ಗಿಡ್ಡವಾಗಿರುವುದರಿಂದ, 65 ಮಿ.ಮೀ. ಕೋಣೆಯಿರುವ (ಕೋಣೆ ಎಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ) ಅಜ್ಜನ ಕಾಲದ ಜೋಡುನಳಿಗೆ ಕೋವಿಯಲ್ಲೂ ಸಲೀಸಾಗಿ ಕೂರುತ್ತದೆ. ಹಾರಿದಾಗ ಮಾತ್ರ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಹೊಂದಿತು ಎಂದು ತಿಳಿಯಬಾರದು.

ಮರುಭರ್ತಿಯಿಂದ ಖರ್ಚು ಉಳಿಯುತ್ತದೆ ಎಂಬ ಲೆಕ್ಕವನ್ನೂ ನಾವು ಒಪ್ಪುವುದಿಲ್ಲ. ಕೈಲ್ ಮುಹೂರ್ತದ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಹುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಒಂದು ಗುಂಡು, ಇಷ್ಟಕ್ಕೆ ವರ್ಷಕ್ಕೆ ಬೇಕಾಗುವ ತೋಟಾ ಬಹಳ ಕಡಿಮೆ. ಮೇಲಾಗಿ ನಮ್ಮ ಮಳೆಗಾಲದ ಥಂಡಿಯಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಮತ್ತು ಮದ್ದನ್ನು ಒಣಗಿಸಿಟ್ಟು ಕಾಪಾಡುವುದು ಸಾಮಾನ್ಯ ಮನೆಯಲ್ಲಿ ಆಗುವ ಕೆಲಸವಲ್ಲ.

ಆದ್ದರಿಂದ ಪ್ರೆಸ್ ವಿಚಾರಣೆಯ ಬದಲು ಎರಡು ವ್ಯವಸ್ಥೆಗಳನ್ನು ಆರಂಭಿಸುತ್ತಿದ್ದೇವೆ. ಕೈಲ್ ಮುಹೂರ್ತಕ್ಕೆ ಬೇಕಾದ ಕಾರ್ಖಾನೆಯ ತೋಟಾಗಳನ್ನು ಜುಲೈ ಕೊನೆಯೊಳಗೆ ನೋಂದಾಯಿಸಬಹುದು. ನೋಂದಣಿಗೆ ಬರುವಾಗ ಕೋವಿಯನ್ನು ಖಾಲಿ ಮಾಡಿ, ಚೀಲದಲ್ಲಿ ಹಾಕಿ, ಪರವಾನಗಿ ಅಥವಾ ವಿನಾಯಿತಿ ಪತ್ರದ ಮೂಲ ಪ್ರತಿಯೊಂದಿಗೆ ತಂದರೆ, ನಳಿಗೆಯ ಅಡಿಯಲ್ಲಿರುವ ಮುದ್ರೆಯನ್ನು ಓದಿ, ಗೇಜ್ ಇಟ್ಟು ಕೋಣೆಯ ಉದ್ದವನ್ನು ಅಳೆದು, ಯಾವ ತೋಟಾ ಬಳಸಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತೇವೆ. ಇದಕ್ಕೆ ಶುಲ್ಕವಿಲ್ಲ. ಮುದ್ರೆ ಅಳಿಸಿಹೋಗಿರುವ ಕೋವಿಗಳನ್ನು ದಯವಿಟ್ಟು ತಪ್ಪದೆ ತನ್ನಿ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ