ಎಲ್ಲದಕ್ಕೂ ‘ರದ್ದು’ ಬರೆಯಬೇಡ

ಚಿರಂಜೀವಿ ಕಾವ್ಯಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕಳಿಸಿದ ವಾದಪತ್ರದ ಕರಡು ಓದಿದೆ. ಸಂಗತಿಗಳನ್ನು ಒಂದರ ಹಿಂದೆ ಒಂದು ಚೆನ್ನಾಗಿಯೇ ಜೋಡಿಸಿದ್ದೀಯ. ಪ್ರಾರ್ಥನೆಯ ಭಾಗಕ್ಕೆ, ಅಂದರೆ ಕೋರ್ಟಿನಿಂದ ಏನು ಬೇಕು ಅಂತ ಕೇಳುವ ಜಾಗಕ್ಕೆ, ಬಂದಾಗ ಮಾತ್ರ ಕ್ರಯಪತ್ರ ರದ್ದು, ಪಹಣಿ ರದ್ದು, ಜಿಪಿಎ (ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬನಿಗೆ, ಅಂದರೆ ಏಜೆಂಟನಿಗೆ, ಕೊಡುವ ಅಧಿಕಾರಪತ್ರ) ರದ್ದು ಅಂತ ಎಲ್ಲಕ್ಕೂ ಒಂದೇ ಪದ ಹಚ್ಚಿದ್ದೀಯ. ಕಕ್ಷಿದಾರರು ‘ಅದನ್ನ ಕ್ಯಾನ್ಸಲ್ ಮಾಡಿಸಿಕೊಡಿ ಮೇಡಂ’ ಅನ್ನುತ್ತಾರೆ, ಅವರಿಗೆ ಅಷ್ಟು ಸಾಕು. ನಿನಗೆ ಸಾಲದು. ಪದ ಬರೆಯುವ ಮುಂಚೆ ಎರಡು ಪ್ರಶ್ನೆ ಕೇಳಿಕೋ: ಇದನ್ನು ಇಲ್ಲವಾಗಿಸುವ ಅಧಿಕಾರ ಯಾರದು? ಯಾವತ್ತಿನಿಂದ ಇದು ಇಲ್ಲ ಅಂತ ಆಗಬೇಕು?

ಕ್ರಯಪತ್ರವನ್ನೇ ತೆಗೆದುಕೋ. ಪತ್ರಕ್ಕೆ ಸ್ವತಃ ರುಜು ಹಾಕಿದವನು, ಮೋಸದಿಂದಲೋ ಬಲವಂತದಿಂದಲೋ ಹಾಕಿಸಿಕೊಂಡರು ಅನ್ನುವುದಾದರೆ, ‘ರದ್ದುಪಡಿಸಿ’ ಎಂದು ಕೇಳಬೇಕು. ರುಜು ಹಾಕದ ಅಣ್ಣನೋ ತಂಗಿಯೋ ಬಂದರೆ ‘ಈ ಪತ್ರ ವಾದಿಯ ಹಕ್ಕನ್ನು ಬಂಧಿಸುವುದಿಲ್ಲ ಎಂದು ಘೋಷಿಸಿ’ ಎಂದು ಕೇಳಬೇಕು. 2010ರ ಸುಹೃದ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿದೆ. ರುಜುವೇ ಖೋಟಾ ಅನ್ನುವ ಕಕ್ಷಿದಾರನಿಗೂ ಘೋಷಣೆಯೇ ಸರಿ. ಅವನ ಕೈಯಲ್ಲಿ ರದ್ದತಿ ಕೇಳಿಸಿದರೆ, ರುಜು ಒಪ್ಪಿಕೊಂಡ ಹಾಗಾಯಿತಲ್ಲ ಎಂದು ಎದುರಿನ ವಕೀಲರು ಹಿಡಿದುಕೊಳ್ಳುತ್ತಾರೆ. ಕೋರ್ಟ್ ಶುಲ್ಕವೂ ಬದಲಾಗುತ್ತದೆ. ನಮ್ಮ ಕರ್ನಾಟಕದ 1958ರ ಕೋರ್ಟ್ ಶುಲ್ಕ ಕಾಯ್ದೆಯಲ್ಲಿ ಘೋಷಣೆಗೆ 24ನೇ ಕಲಂ, ರದ್ದತಿಗೆ 38ನೇ ಕಲಂ. ರದ್ದತಿಗೆ ಕಾಲಮಿತಿ ಮೂರು ವರ್ಷ, ಆ ಸಂಗತಿ ಮೊದಲು ತಿಳಿದ ದಿನದಿಂದ. ಆದ್ದರಿಂದ ‘ತಿಳಿದದ್ದು ಯಾವಾಗ, ಹೇಗೆ’ ಎಂಬುದಕ್ಕೆ ವಾದಪತ್ರದಲ್ಲಿ ಪ್ರತ್ಯೇಕ ಪ್ಯಾರಾ ಇರಲೇಬೇಕು. ಡಿಕ್ರಿ ಆದ ಮೇಲೂ ಸುಮ್ಮನೆ ಕೂರಬೇಡ. ನೋಂದಾಯಿತ ಪತ್ರವಾದರೆ ಡಿಕ್ರಿಯ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಅವರ ಪುಸ್ತಕದಲ್ಲಿರುವ ಪ್ರತಿಯ ಮೇಲೆ ರದ್ದತಿಯ ಷರಾ ಬೀಳಬೇಕು. ಅದು ಬಿದ್ದಿದೆಯೇ ಅಂತ ಹೋಗಿ ನೋಡು.

ಮಾರಿದವನು ತಾನೊಬ್ಬನೇ ಹೋಗಿ ಬರೆಸುವ ‘ರದ್ದತಿ ಪತ್ರ’ವನ್ನು ನಂಬಬೇಡ. ಹಕ್ಕು ಕೈ ದಾಟಿದ ಮೇಲೆ ಒಂದು ಕಡೆಯವರ ಕಾಗದಕ್ಕೆ ಅದನ್ನು ವಾಪಸ್ ತರುವ ಶಕ್ತಿ ಇಲ್ಲ. ಕೊಂಡವನೂ ಒಪ್ಪಿದ್ದರೆ ಮರುಕ್ರಯ ಮಾಡಿಸುವುದೇ ಚೊಕ್ಕ.

‘ಅನೂರ್ಜಿತ’ಕ್ಕೂ ‘ಅನೂರ್ಜಿತಗೊಳಿಸಬಹುದಾದ’ಕ್ಕೂ ನಡುವೆ ದೊಡ್ಡ ಹಳ್ಳವಿದೆ. ಮೊದಲನೆಯದು ಹುಟ್ಟಿದಂದಿನಿಂದಲೇ ಇಲ್ಲ. ಅಪ್ರಾಪ್ತನ ಕರಾರು ಹಾಗೆ ಎಂದು 1903ರಲ್ಲೇ ಆಗಿನ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಹೇಳಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈ ಬದಲಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ 4ನೇ ಕಲಮಿನಡಿ, ಮಂಜೂರಾತಿಯ ಷರತ್ತು ಮೀರಿ ಮಾಡಿದ ಪರಭಾರೆಯೂ ಹಾಗೆಯೇ. ಜಮೀನು ಮರಳಿ ಕೊಡಿಸುವುದು ಉಪವಿಭಾಗಾಧಿಕಾರಿಯ ಕೆಲಸ. ಎರಡನೆಯದು, ಮೋಸಹೋದವನು ಬೇಡ ಅನ್ನುವವರೆಗೂ ಬದುಕಿರುತ್ತದೆ. ಬೇಡ ಅನ್ನುವ ಆಯ್ಕೆ ಅವನದು, ಮೋಸ ಮಾಡಿದವನದಲ್ಲ. ‘ಅಸಿಂಧು’ವನ್ನು ಮತಪತ್ರ, ಆಯ್ಕೆ, ನಾಮಪತ್ರಗಳಿಗೆ ಇಟ್ಟುಕೋ. ಪತ್ರಿಕೆಯವರು ಆ ಪದವನ್ನು ಚೆನ್ನಾಗಿ ಉಳಿಸಿಕೊಂಡಿದ್ದಾರೆ. ‘ಕುಲಗೆಟ್ಟ ಮತ’ ಅನ್ನುವುದನ್ನು ಮಾತ್ರ ಇನ್ನಾದರೂ ಬಿಡಬಹುದು.

ಪಹಣಿ ರದ್ದು ಮಾಡಿ ಅಂತ ಸಿವಿಲ್ ಕೋರ್ಟನ್ನು ಕೇಳಬೇಡ. 1964ರ ಭೂಕಂದಾಯ ಕಾಯ್ದೆಯ 135ನೇ ಕಲಂ ಓದಿ ನೋಡು: ದಾಖಲೆಯ ನಮೂದಿನ ವಿಷಯಕ್ಕೆ ಸರ್ಕಾರದ ಮೇಲಾಗಲಿ ಅಧಿಕಾರಿಯ ಮೇಲಾಗಲಿ ದಾವೆ ನಿಲ್ಲುವುದಿಲ್ಲ. ನೀನು ಹಕ್ಕಿನ ಘೋಷಣೆ ಪಡೆ, ನಮೂದು ಅದರ ಹಿಂದೆ ಬರುತ್ತದೆ. ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶದ ಮೇಲೆಯೇ ಹೋಗುವುದಾದರೆ 136(2)ರ ಮೇಲ್ಮನವಿ ಉಪವಿಭಾಗಾಧಿಕಾರಿಯ ಮುಂದೆ, 136(3)ರ ಪುನರೀಕ್ಷಣೆ ಜಿಲ್ಲಾಧಿಕಾರಿಯ ಮುಂದೆ. ಅಲ್ಲಿ ‘ನಮೂದನ್ನು ರದ್ದುಪಡಿಸಿ, ಹಿಂದಿನ ನಮೂದನ್ನು ಊರ್ಜಿತಗೊಳಿಸಿ’ ಎಂದು ಎರಡನ್ನೂ ಬರೆ. ಮೊದಲರ್ಧ ಮಾತ್ರ ಕೇಳಿದರೆ ಪಹಣಿಯ 9ನೇ ಅಂಕಣದಲ್ಲಿ ಯಾರ ಹೆಸರು ಕೂರಬೇಕು ಎಂಬುದು ಮತ್ತೆ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಉಳಿದುಬಿಡುತ್ತದೆ.

ಜಿಪಿಎಗೆ, ಉಯಿಲಿಗೆ ಸಲ್ಲುವ ಪದ ‘ಹಿಂತೆಗೆ’. ಕೊಟ್ಟವನೇ ವಾಪಸ್ ತೆಗೆದುಕೊಳ್ಳುವುದು, ಕೋರ್ಟಿನ ಹಂಗಿಲ್ಲ. ಜಿಪಿಎ ಹಿಂತೆಗೆದದ್ದು ಏಜೆಂಟನ ಮಟ್ಟಿಗೆ ಅವನಿಗೆ ತಿಳಿದಾಗಿನಿಂದ, ಹೊರಗಿನವರ ಮಟ್ಟಿಗೆ ಅವರಿಗೆ ತಿಳಿದಾಗಿನಿಂದ ಲೆಕ್ಕ. ಹಾಗಾಗಿ ಪತ್ರ ಬರೆಸಿ ಬೀರುವಿನಲ್ಲಿಟ್ಟರೆ ಉಪಯೋಗವಿಲ್ಲ. ಏಜೆಂಟನಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು, ವ್ಯವಹಾರವಿರುವ ಬ್ಯಾಂಕಿಗೆ ಒಂದು ಪ್ರತಿ, ಊರಲ್ಲಿ ಓದುವ ಪತ್ರಿಕೆಯಲ್ಲಿ ಪ್ರಕಟಣೆ, ಮೂರೂ ಆಗಲಿ. ಏಜೆಂಟನದೇ ಹಿತಾಸಕ್ತಿ ಆ ಆಸ್ತಿಯಲ್ಲಿ ಸೇರಿಕೊಂಡಿದ್ದರೆ ಹಿಂತೆಗೆಯುವುದೇ ಕಷ್ಟ. ಮೊದಲು ಹಣದ ಲೆಕ್ಕ ಕೇಳು.

ಉಯಿಲಿನ ವಿಷಯದಲ್ಲಿ ಜನ ಹೆಚ್ಚು ಎಡವುತ್ತಾರೆ. ಅಜ್ಜ ಕೋಪದಲ್ಲಿ ಎರಡನೇ ಮಗನ ಹೆಸರಿನ ಮೇಲೆ ಪೆನ್ನಿನಿಂದ ಗೆರೆ ಹೊಡೆದು, ಪಕ್ಕದಲ್ಲಿ ‘ಇವನಿಗೆ ಇಲ್ಲ’ ಎಂದು ಬರೆದಿಟ್ಟಿರುತ್ತಾನೆ. ಗೆರೆಯ ಕೆಳಗೆ ಹೆಸರು ಸ್ಪಷ್ಟವಾಗಿ ಓದಲು ಬರುತ್ತಿದ್ದರೆ 1925ರ ಉತ್ತರಾಧಿಕಾರ ಕಾಯ್ದೆಯಂತೆ ಆ ಗೆರೆಗೆ ಬೆಲೆಯಿಲ್ಲ, ಮಗನ ಪಾಲು ಹಾಗೇ ಇರುತ್ತದೆ. ಬೆಲೆ ಬರಬೇಕಾದರೆ ತಿದ್ದಿದ ಜಾಗದ ಹತ್ತಿರ, ಅಂಚಿನಲ್ಲಾದರೂ ಸರಿ, ಅಜ್ಜನ ರುಜುವೂ ಇಬ್ಬರು ಸಾಕ್ಷಿಗಳ ರುಜುವೂ ಬೇಕು. ಇಡೀ ಉಯಿಲನ್ನೇ ಹಿಂತೆಗೆಯುವುದಾದರೆ ಹೊಸ ಉಯಿಲು ಬರೆಯಬೇಕು, ಇಲ್ಲವೇ ಉಯಿಲಿನಷ್ಟೇ ಕ್ರಮವಾಗಿ ಸಾಕ್ಷಿ ಹಾಕಿಸಿದ ಹಿಂತೆಗೆತದ ಪತ್ರ ಬರೆಯಬೇಕು, ಇಲ್ಲವೇ ಹಿಂತೆಗೆಯುವ ಉದ್ದೇಶದಿಂದಲೇ ಸುಡಬೇಕು ಅಥವಾ ಹರಿಯಬೇಕು. ಬೇರೆಯವರು ಹರಿಯುವುದಾದರೆ ಅವನ ಎದುರಿಗೇ, ಅವನ ಮಾತಿನಂತೆ. ಹೊಸ ಉಯಿಲು ಬರೆಸುವಾಗ ಮೊದಲ ಪ್ಯಾರಾದಲ್ಲೇ ಹಿಂದಿನದರ ತಾರೀಖು ಕಾಣಿಸಿ ‘ಈ ಮೂಲಕ ಹಿಂತೆಗೆದುಕೊಂಡಿರುತ್ತೇನೆ’ ಎಂದು ಸೇರಿಸು.

‘ತಡೆ’ಯನ್ನು ‘ರದ್ದು’ ಎಂದು ಕಕ್ಷಿದಾರರಿಗೆ ಎಂದೂ ಹೇಳಬೇಡ. ರದ್ದಾದರೆ ಆದೇಶ ಬರುವ ಮುಂಚಿನ ಸ್ಥಿತಿಗೆ ಹಿಂತಿರುಗುತ್ತೇವೆ. ತಡೆಯಾದರೆ ಆದೇಶ ಇದ್ದೇ ಇರುತ್ತದೆ, ಜಾರಿಯಾಗುವುದಿಲ್ಲ ಅಷ್ಟೆ. 1992ರಲ್ಲಿ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ. ತಡೆಯಾಜ್ಞೆಯನ್ನು ತೆಗೆಸುವುದಕ್ಕೆ ‘ತೆರವು’ ಎಂದು ಬರೆ.

ಕೊನೆಗೆ ‘ವಜಾ’. ಲೆಕ್ಕದ ಪುಸ್ತಕದಲ್ಲಿ ಮುಂಗಡ ವಜಾ ಅಂದರೆ ಕಳೆಯುವುದು. ನೌಕರಿಯಲ್ಲಿ ವಜಾ ಅಂದರೆ ಸಾಮಾನ್ಯವಾಗಿ ಮುಂದೆ ಸರ್ಕಾರಿ ಕೆಲಸವೇ ಸಿಗದ ಹಾಗಾಗುವ ಶಿಕ್ಷೆ. ‘ಸೇವೆಯಿಂದ ತೆಗೆದುಹಾಕುವುದು’ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಅಲ್ಲಿ ಮುಂದಿನ ಬಾಗಿಲು ಮುಚ್ಚುವುದಿಲ್ಲ. ‘ಅಮಾನತು’ ಶಿಕ್ಷೆಯೇ ಅಲ್ಲ, ಆ ಅವಧಿಗೆ ಜೀವನಾಧಾರ ಭತ್ಯೆ ಬರುತ್ತದೆ. ದಾವೆ ವಜಾ ಆದರೆ ಹಾಳೆಯ ಮೇಲೆ ಕಾರಣ ಏನಿದೆ ಅಂತ ಮೊದಲು ಓದು. ಎರಡೂ ಕಡೆಯವರು ಗೈರಾಗಿ ವಜಾ ಆಗಿದ್ದರೆ, ಕಾಲಮಿತಿ ಉಳಿದಿದ್ದಲ್ಲಿ ಹೊಸ ದಾವೆಯನ್ನೂ ಹೂಡಬಹುದು. ಪ್ರತಿವಾದಿ ಹಾಜರಿದ್ದು ವಾದಿ ಮಾತ್ರ ಗೈರಾಗಿದ್ದರೆ ಅದೇ ಕಾರಣಕ್ಕೆ ಹೊಸ ದಾವೆ ಇಲ್ಲ. 30 ದಿನದೊಳಗೆ ಗೈರಿಗೆ ತಕ್ಕ ಕಾರಣ ತೋರಿಸಿ, ಹಳೆಯದನ್ನೇ ಪುನಃ ಕಡತಕ್ಕೆ ತೆಗೆದುಕೊಳ್ಳುವಂತೆ ಅರ್ಜಿ ಹಾಕಬೇಕು. ದಿನ ಮೀರಿದ್ದರೆ ವಿಳಂಬ ಮನ್ನಾ ಕೋರುವ ಅರ್ಜಿಯನ್ನೂ ಪ್ರಮಾಣಪತ್ರದ (ಅಫಿಡವಿಟ್) ಜೊತೆ ಅದೇ ದಿನ ಸಲ್ಲಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ