ಒದ್ದೆ ಕೈಯ ಮಾತು, ಪುಟ್ಟಿಗೆ

ಹಾಸನ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಕಾಗದ ಗುರುವಾರ ಬಂತು. ಪರೀಕ್ಷೆ, ಹಾಸ್ಟೆಲ್ ಊಟ, ಮಂಗಳೂರಿನ ಮಳೆ ಎಲ್ಲ ಓದಿದೆ. ಅದಕ್ಕೆಲ್ಲ ಇನ್ನೊಂದು ದಿನ ಬರೆಯುತ್ತೇನೆ. ಮೂರನೇ ಪುಟದಲ್ಲಿ ಒಂದು ಸಾಲು ಬರೆದು ನೀನು ಹಾಗೇ ಮುಂದಕ್ಕೆ ಹೋಗಿಬಿಟ್ಟಿದ್ದೀಯ. ನನಗೆ ಅದನ್ನು ದಾಟಿ ಹೋಗಲು ಆಗಲಿಲ್ಲ. 'ಇನ್ಮೇಲೆ ಯಾರ ಕೈಯನ್ನೂ ಮುಟ್ಟಬಾರದು ಅಂತ ತೀರ್ಮಾನ ಮಾಡಿದೀನಿ ದೊಡ್ಡಮ್ಮ, ಅದೇ ಸುಲಭ.'

ಆ ಪುಟದ ಬಲಗಡೆ ಕೆಳಮೂಲೆ ಉಬ್ಬಿ ಸುಕ್ಕಾಗಿದೆ. ಎರಡು ಕಡೆ ಇಂಕು ಹರಡಿದೆ. ಬೇರೆಯವರು ನೋಡಿದ್ದರೆ ಮಳೆಗೆ ಕವರ್ ನೆನೆದಿದೆ ಅಂದುಕೊಳ್ಳುತ್ತಿದ್ದರು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಬರೆಯುವಾಗ ಅಂಗೈ ಊರುವ ಜಾಗ ಅದು. ನನ್ನ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯ ಒಂದೊಂದು ಹಾಳೆಯೂ ಹಾಗೇ ಇತ್ತು.

ಹೌದು ಪುಟ್ಟಿ, ಹೀಗೆ ಅಂಗೈ ಬೆವರುವುದು ನನಗೂ ಇದೆ. ನಿಮ್ಮಮ್ಮನಿಗೂ ಇದು ಸರಿಯಾಗಿ ಗೊತ್ತಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ನಿದ್ದೆ ಬಂದ ಮೇಲೆ ಈ ಬೆವರು ನಿಂತುಹೋಗುತ್ತದೆ, ಅದು ನನಗೆ ಅನುಕೂಲವಾಯಿತು. ಹಗಲು ಹೊತ್ತು ಮುಚ್ಚಿಡುವುದನ್ನು ನಾನೇ ಕಲಿತುಕೊಂಡೆ. ಹಬ್ಬದ ದಿನ ಬೆಳಿಗ್ಗೆ ರಂಗೋಲಿ ಯಾರು ಹಾಕುತ್ತೀರಿ ಅಂತ ಅಮ್ಮ ಕೇಳುವುದರೊಳಗೆ ನಾನು ಸಗಣಿ ನೀರಿನ ಬಕೆಟ್ ಎತ್ತಿಕೊಂಡಿರುತ್ತಿದ್ದೆ. ನನ್ನ ಬೆರಳಿಗೆ ರಂಗೋಲಿ ಪುಡಿ ಸಿಕ್ಕಿದರೆ ಎರಡು ಎಳೆ ಎಳೆಯುವಷ್ಟರಲ್ಲಿ ಅದು ಹೆಬ್ಬೆರಳಿಗೆ ಮೆತ್ತಿಕೊಂಡು, ಗಂಟು ಗಂಟಾಗಿ ಕೆಳಗೆ ಬೀಳುತ್ತಿತ್ತು. ಒರೆಸಿಕೊಂಡು ಮತ್ತೆ ತೆಗೆದುಕೊಂಡರೆ ಮತ್ತೆ ಅದೇ. ಅಕ್ಕ ನನಗೆ ಬಿಟ್ಟುಕೊಡುತ್ತಾಳೆ ಅಂತ ನಿಮ್ಮಮ್ಮ ಎಷ್ಟು ವರ್ಷ ಸಂತೋಷಪಟ್ಟಳೋ.

ನೋಡು, ಬಕೆಟ್ ಎತ್ತಿಕೊಳ್ಳುವುದೂ ನನಗೆ ಸುಲಭವಾಗಿಯೇ ಕಂಡಿತ್ತು. ಅದಕ್ಕೇ ನಿನ್ನ ಆ 'ಅದೇ ಸುಲಭ' ಅನ್ನುವ ಮಾತು ಓದಿ ಹೆದರಿದೆ. ಕೋಲಾಟಕ್ಕೆ ಮೊದಲು ಎಲ್ಲರೂ ಕೈ ಕೈ ಹಿಡಿದು ನಿಂತಾಗ ಪಕ್ಕದ ಹುಡುಗಿ ಕೈ ಬಿಡಿಸಿಕೊಂಡು ಕುರ್ತಾಗೆ ಒರೆಸಿಕೊಂಡಳು ಅಂತ ಬರೆದಿದ್ದೀಯ. ಬೇಜಾರಾಗುತ್ತದೆ, ಯಾಕಾಗಲ್ಲ? ಅವಳು ಒರೆಸಿಕೊಂಡಿದ್ದು ಅರೆ ಗಳಿಗೆ. ನೀನು ಮಾಡಿಕೊಂಡಿರುವ ತೀರ್ಮಾನ ಎಷ್ಟು ವರ್ಷದ್ದು ಅಂತ ನನಗೆ ಗೊತ್ತು. ನಾನು ಅದೇ ತೀರ್ಮಾನ ಮಾಡಿದಾಗ ನನಗೆ 13 ವರ್ಷ.

ಆಮೇಲೆ ಟೀಚರ್ ಆದೆ. ಶಾಲೆ ಬಿಟ್ಟ ಮೇಲೆ ಚಿಕ್ಕ ಮಕ್ಕಳು ಬಸ್‌ಸ್ಟಾಪಿನವರೆಗೂ ಮಿಸ್ ಜೊತೆ ಬರುತ್ತಾರೆ, ಬೆರಳು ಹಿಡಿಯಲು ನೋಡುತ್ತಾರೆ. ನಾನು ಒಂದು ಕೈಯಲ್ಲಿ ಊಟದ ಡಬ್ಬಿ ಚೀಲ, ಇನ್ನೊಂದು ಕೈಯಲ್ಲಿ ನೋಟ್‌ಬುಕ್ ಕಟ್ಟು ಹಿಡಿದೇ ಹೊರಡುತ್ತಿದ್ದೆ. ತಿದ್ದುವುದು ಇಲ್ಲದ ದಿನವೂ ಕಟ್ಟು ಇರುತ್ತಿತ್ತು. ನನ್ನ ಸ್ವಂತ ಮಗಳಿಗೂ 'ಅಮ್ಮನ ಸೆರಗು ಹಿಡ್ಕೋ' ಅಂತಲೇ ಕಲಿಸಿದೆ. ಕೈ ಹಿಡ್ಕೋ ಅಂತ ಹೇಳಲಿಲ್ಲ. ಯಾಕೆ ಅಂತ ಅವಳು ಕೇಳಲಿಲ್ಲ. ಎಲ್ಲ ಅಮ್ಮಂದಿರೂ ಹೀಗೇ ಅಂತ ತಿಳಿದಿದ್ದಳು ಅಂತ ಕಾಣುತ್ತದೆ.

ಅವಳಿಗೆ ಐದು ವರ್ಷ. ಹಾಸನಾಂಬೆ ಬಾಗಿಲು ತೆಗೆದಿದ್ದರು. ವರ್ಷಕ್ಕೊಂದೇ ಸಲ ತೆಗೆಯುವುದಲ್ವಾ, ಆ ಜನ ನಿನಗೆ ಗೊತ್ತೇ ಇದೆ. ನಾನು ಹಸಿರು ಸೀರೆ ಉಟ್ಟಿದ್ದೆ. ಸಾಲು ಒಂದು ಕಡೆ ತಿರುಗುವಾಗ ಹಿಂದಿನಿಂದ ನೂಕಿದರು, ಸೆರಗು ಎಳೆದ ಹಾಗಾಯಿತು, ಬಿಟ್ಟ ಹಾಗಾಯಿತು. ತಿರುಗಿ ನೋಡಿದರೆ ಮಗು ಇಲ್ಲ. ಹತ್ತು ಹೆಜ್ಜೆ ಆಚೆ ಇನ್ನೊಬ್ಬಾಕೆ ಹಸಿರು ಸೀರೆ ಉಟ್ಟುಕೊಂಡು ಹೋಗುತ್ತಿದ್ದರು. ಅವಳು ಆಕೆಯ ಸೆರಗು ಹಿಡಿದುಕೊಂಡು ಹೊರಟುಬಿಟ್ಟಿದ್ದಾಳೆ ಅಂತ ಆಮೇಲೆ ಗೊತ್ತಾಯಿತು. ಇಪ್ಪತ್ತು ನಿಮಿಷ ಹುಡುಕಿದೆ. ಹೂ ಮಾರುವ ಒಬ್ಬ ಅಜ್ಜಿಯ ಪಕ್ಕ ಬುಟ್ಟಿ ಹಿಡಿದುಕೊಂಡು ಕೂತಿದ್ದಳು, ಅಳುತ್ತಲೂ ಇರಲಿಲ್ಲ. ಸೆರಗು ಯಾಕೆ ಬಿಟ್ಟೆ ಅಂತ ನಾನು ಅವಳನ್ನು ಬೈದೆ, ಬೆನ್ನಿಗೆ ಒಂದು ಏಟೂ ಕೊಟ್ಟೆ. ಬಿಟ್ಟವಳು ಅವಳಲ್ಲ ಪುಟ್ಟಿ.

ಮನೆಗೆ ಬಂದು ನಿಮ್ಮ ದೊಡ್ಡಪ್ಪನ ಹತ್ತಿರ ಜನ ಜಾಸ್ತಿ ಇದ್ದರು ಅಂದೆ. ಅಷ್ಟೇ ಹೇಳಿದ್ದು.

ಇಷ್ಟಾದ ಮೇಲೂ ನಾನು ಡಾಕ್ಟರ ಹತ್ತಿರ ಹೋಗಲಿಲ್ಲ. ಇದು ಡಾಕ್ಟರಿಗೆ ತೋರಿಸುವ ವಿಷಯ ಅಂತಲೇ ಹೊಳೆಯಲಿಲ್ಲ. ನನ್ನದು ಹೆದರುವ ಸ್ವಭಾವ, ಅದಕ್ಕೆ ಕೈ ಬೆವರುತ್ತದೆ ಅಂತ ನಂಬಿದ್ದೆ. ಹೋಗಿದ್ದು 46ನೇ ವಯಸ್ಸಿನಲ್ಲಿ. ಶಾಲೆಗೆ ಹಾಜರಿ ಹಾಕುವ ಬೆರಳಿನ ಮೆಷೀನು ಬಂತು. ನನ್ನ ಹೆಬ್ಬೆಟ್ಟು ಅದಕ್ಕೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಎಲ್ಲರೂ ಹಿಂದೆ ನಿಂತಿರುವಾಗ ಮೂರು ಸಲ, ನಾಲ್ಕು ಸಲ ಒರೆಸಿಕೊಂಡು ಒತ್ತಬೇಕಿತ್ತು. ಒಂದು ವಾರ ತಡೆದುಕೊಂಡೆ. ಆಮೇಲೆ ಇಲ್ಲೇ ಹಾಸನದಲ್ಲಿ ಒಬ್ಬರು ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ.

ಅವರು ಗ್ಲೌಸ್ ಹಾಕಿಕೊಳ್ಳದೆ ನನ್ನ ಎರಡೂ ಅಂಗೈ ಹಿಡಿದು ತಿರುಗಿಸಿ ನೋಡಿದರು. ಕೈ ಬಿಟ್ಟ ಮೇಲೆ ಒರೆಸಿಕೊಳ್ಳಲೂ ಇಲ್ಲ, ಹಾಗೇ ಪೆನ್ನು ತೆಗೆದುಕೊಂಡು ಬರೆಯಲು ಶುರು ಮಾಡಿದರು. ಹೇಳಬೇಕು ಅಂತ ಹೋಗಿದ್ದೆಲ್ಲ ನನಗೆ ಮರೆತೇಹೋಯಿತು.

ಆಮೇಲೆ ಒಂದು ಕೈಗೆ ಅಯೋಡಿನ್ ಹಚ್ಚಿ, ಒಣಗಿಸಿ, ಮೇಲೆ ಸ್ಟಾರ್ಚ್ ಪುಡಿ ಉದುರಿಸಿದರು. ಏಳನೇ ಕ್ಲಾಸಿನ ಮಕ್ಕಳಿಗೆ ನಾನೇ ಆಲೂಗಡ್ಡೆ ಮೇಲೆ ತೋರಿಸುತ್ತಿದ್ದ ಪ್ರಯೋಗ. ಇಲ್ಲಿ ಬೆವರು ಬಂದ ಕಡೆ ಮಾತ್ರ ಎರಡೂ ಸೇರಿ ಕಪ್ಪಾಗುತ್ತದೆ. ಬಿಳಿ ಪುಡಿಯ ಮೇಲೆ ಮೊದಲು ಬೆರಳ ತುದಿಯಲ್ಲಿ ಸಣ್ಣ ಸಣ್ಣ ಚುಕ್ಕಿ ಎದ್ದವು, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಸಾಲಾಗಿ. ಆಮೇಲೆ ಅಂಗೈ ನಡುವೆ. ನೋಡುತ್ತಿದ್ದಂತೆ ಚುಕ್ಕಿಗಳು ಕೂಡಿಕೊಂಡು ಕೈಯೆಲ್ಲ ನೀಲಿಗಪ್ಪಾಯಿತು. ನಾನು ಬಚ್ಚಿಟ್ಟಿದ್ದನ್ನು ಇನ್ನೊಬ್ಬರ ಜೊತೆ ಕೂತು ನೋಡಿದ್ದು ಅದೇ ಮೊದಲು.

ನಮ್ಮ ಮೈಯಲ್ಲಿ 20ರಿಂದ 40 ಲಕ್ಷ ಬೆವರಿನ ಗ್ರಂಥಿ ಇವೆಯಂತೆ. ಅಂಗೈ ಅಂಗಾಲಿನಲ್ಲಿ ಬಲು ಒತ್ತಾಗಿರುತ್ತವೆ. ನಮ್ಮಂಥವರಲ್ಲಿ ಗ್ರಂಥಿ ಜಾಸ್ತಿ ಇರುವುದಿಲ್ಲ, ದೊಡ್ಡದಾಗಿಯೂ ಇರುವುದಿಲ್ಲ. ಬೆವರು ಸುರಿಸು ಅಂತ ಹೇಳುವ ನರಗಳು ಅಗತ್ಯಕ್ಕಿಂತ ಜಾಸ್ತಿ ಹೇಳುತ್ತವೆ, ಅಷ್ಟೇ. ಇದು ಹೆದರಿಕೆಯಿಂದ ಹುಟ್ಟಿದ್ದಲ್ಲ ಅಂತ ಅವರು ಎರಡು ಸಲ ಹೇಳಿದರು. ಬೆವರುತ್ತೇನೋ ಅಂತ ಹೆದರಿದರೆ ಇನ್ನೂ ಜಾಸ್ತಿಯಾಗುತ್ತದೆ, ಅದು ಬೇರೆ ಮಾತು. ಈ ಒಂದು ಮಾತನ್ನು ಯಾರಾದರೂ 13ನೇ ವಯಸ್ಸಿನಲ್ಲಿ ನನಗೆ ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ನಿನಗೆ 19ಕ್ಕೆ ಹೇಳುತ್ತಿದ್ದೇನೆ. ಸ್ವಲ್ಪ ತಡವೇ ಆಯಿತು.

ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಿನ್ನ ತಾತ ನೆನಪಾದರು. ಸಕಲೇಶಪುರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯಲು ಕೂತರೆ ಬಲಗೈ ಕೆಳಗೆ ಗುಲಾಬಿ ಬಣ್ಣದ ಬ್ಲಾಟಿಂಗ್ ಪೇಪರ್ ಇರುತ್ತಿತ್ತು. ಸಾಲು ಇಳಿದ ಹಾಗೆ ಅದನ್ನೂ ಇಳಿಸಿಕೊಂಡು ಹೋಗುತ್ತಿದ್ದರು. ಇಂಕು ಆರಲಿ ಅಂತ ಇಟ್ಟಿದ್ದಾರೆ ಅಂತ ನಾವು ತಿಳಿದಿದ್ದೆವು. ಇಂಕು ಆರಿಸುವುದಕ್ಕೆ ಬರೆದ ಸಾಲಿನ ಮೇಲೆ ಒತ್ತಬೇಕು, ಅಂಗೈ ಕೆಳಗೆ ಯಾಕೆ? ಬಟವಾಡೆ ದಿನ ಹೆಗಲ ಮೇಲಿನ ಟವೆಲ್ಲು ಕೈಗೆ ಬರುತ್ತಿತ್ತು. ಡಿಸೆಂಬರ್ ಚಳಿಯಲ್ಲಿ, ಮಂಜು ಮುಸುಕಿದ ಬೆಳಿಗ್ಗೆಯೂ ಟವೆಲ್ಲು ಕೈಯಲ್ಲೇ. ಅವರು ನಮ್ಮನ್ನು ಎತ್ತಿ ಆಡಿಸಿದ್ದು ಕಡಿಮೆ, ಗಂಭೀರದ ಮನುಷ್ಯ ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ಹಾಗೇ ನಂಬಿ ಅವರಿಂದ ದೂರ ಇದ್ದೆ. ಅವರು ನನ್ನಿಂದ ಬಚ್ಚಿಟ್ಟರು, ನಾನು ಅವರಿಂದ ಬಚ್ಚಿಟ್ಟೆ. ಒಂದೇ ಒಂದು ದಿನ ಇಬ್ಬರೂ ಅಂಗೈ ತೋರಿಸಿಕೊಂಡಿದ್ದರೆ ಸಾಕಿತ್ತು.

ಇದು ಮನೆತನದಲ್ಲಿ ಬರುವುದು ಉಂಟಂತೆ, ಎಲ್ಲರಿಗೂ ಬರಲೇಬೇಕು ಅಂತಿಲ್ಲ. ಆದರೆ ಯಾರ ಕೈಯನ್ನೂ ಮುಟ್ಟಬಾರದು ಅನ್ನುವುದು ರಕ್ತದಲ್ಲಿ ಬಂದದ್ದಲ್ಲ ಪುಟ್ಟಿ. ಅದನ್ನು ನಾವೇ ಒಬ್ಬರನ್ನು ನೋಡಿ ಒಬ್ಬರು ಕಲಿತೆವು.

ಏನು ಮಾಡಬೇಕು ಅಂತ ನೀನು ಕೇಳಿಲ್ಲ. ಆದರೂ ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ತಪ್ಪು ತಿಳಿಯಬೇಡ. ಮೊದಲು ಮಂಗಳೂರಿನಲ್ಲೇ ಒಬ್ಬರು ಚರ್ಮದ ಡಾಕ್ಟರಿಗೆ ತೋರಿಸು. ಚಿಕ್ಕವಯಸ್ಸಿನಿಂದ, ಎರಡೂ ಕೈಯಲ್ಲಿ ಒಂದೇ ಸಮ, ನಿದ್ದೆಯಲ್ಲಿ ಇಲ್ಲ ಅಂದರೆ ಸಾಮಾನ್ಯವಾಗಿ ಇದೇ. ರಾತ್ರಿ ಮಲಗಿದಾಗ ಮೈಯೆಲ್ಲ ಬೆವರಿ ಬಟ್ಟೆ ನೆನೆಯುವುದು, ಜ್ವರ, ತೂಕ ಇಳಿಯುವುದು, ಎದೆ ಹೊಡೆದುಕೊಳ್ಳುವುದು, ಒಂದೇ ಪಕ್ಕ ಬೆವರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಮುಚ್ಚಿಡದೆ ಹೇಳು, ಅದರ ಹಿಂದೆ ಬೇರೆ ಕಾಯಿಲೆ ಇರಬಹುದು. ನನಗೆ ಥೈರಾಯ್ಡು, ಶುಗರ್ ಎರಡೂ ನೋಡಿಸಿದ್ದರು, ಏನೂ ಇರಲಿಲ್ಲ.

ನನಗೆ ಕೊಟ್ಟಿದ್ದು ಅಲ್ಯೂಮಿನಿಯಂ ಕ್ಲೋರೈಡ್ ಇರುವ ಒಂದು ಲೋಷನ್. ರಾತ್ರಿ ಮಲಗುವಾಗ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಕೈ ಪೂರ್ತಿ ಒಣಗಿರಬೇಕು, ಫ್ಯಾನ್ ಕೆಳಗೆ ಹಿಡಿದು ಆರಿಸಿಕೋ. ಒದ್ದೆ ಕೈಗೆ ಹಚ್ಚಿದರೆ ಉರಿ ಕಿತ್ತುಕೊಳ್ಳುತ್ತದೆ, ನಾನು ಮೊದಲ ರಾತ್ರಿ ಹಾಗೇ ಮಾಡಿ ಎದ್ದು ಕೂತಿದ್ದೆ. ಅದು ಬೆವರಿನ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದಂತೆ. ಅಂಗೈ ಚರ್ಮ ದಪ್ಪ, ಕೆಲವು ವಾರ ಬೇಕು. ಆಮೇಲೆ ವಾರಕ್ಕೆ ಒಂದೆರಡು ಸಲ ಸಾಕಾಯಿತು. ಪೂರ್ತಿ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ನೀರು ತೊಟ್ಟಿಕ್ಕುತ್ತಿದ್ದದ್ದು ಈಗ ತೇವ, ಅಷ್ಟು.

ಪೌಡರ್ ಹಾಕಬೇಡ, ಹಿಟ್ಟು ಕಲಸಿದ ಹಾಗಾಗುತ್ತದೆ. ಗ್ಲೈಕೊಪೈರೊಲೇಟ್ ಅಂತ ಮಾತ್ರೆಯೂ ಕೊಟ್ಟು ನೋಡಿದರು. ಬೆವರು ಕಡಿಮೆಯಾಯಿತು, ಜೊತೆಗೆ ಬಾಯಿಯೂ ಒಣಗಿತು. ದಿನಕ್ಕೆ ಆರು ಪೀರಿಯಡ್ ಮಾತಾಡುವವಳಿಗೆ ಆಗಲಿಲ್ಲ, ಬಿಟ್ಟೆ. ನಿನಗೆ ಒಗ್ಗಿದರೂ ಒಗ್ಗಬಹುದು. ಎರಡು ತಟ್ಟೆಯಲ್ಲಿ ನಲ್ಲಿ ನೀರು ಹಾಕಿ ಅದರಲ್ಲಿ ಅಂಗೈ ಇಟ್ಟು ಸಣ್ಣ ಕರೆಂಟ್ ಹಾಯಿಸುವ ಮೆಷೀನು ಇದೆ, ಅಯಾಂಟೊಫೊರೆಸಿಸ್ ಅನ್ನುತ್ತಾರೆ. ಶುರುವಿನಲ್ಲಿ ವಾರಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲಕ್ಕೆ 20 ನಿಮಿಷ ಆಗುತ್ತದೆ. ಕೈ ಜುಮ್ ಅನ್ನುತ್ತದೆ, ಅಪಾಯ ಇಲ್ಲ. ಬಸುರಿಯರಿಗೆ, ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಮಾಡುವುದಿಲ್ಲ. ಲೋಷನ್‌ಗೆ ಬಗ್ಗದಿದ್ದರೆ ಇದನ್ನು ಕೇಳು. ಬೊಟಾಕ್ಸ್ ಇಂಜೆಕ್ಷನ್ನೂ ಇದೆ. ಅಮೆರಿಕದಲ್ಲಿ ಕಂಕುಳ ಬೆವರಿಗೆ ಅದಕ್ಕೆ 2004ರಲ್ಲೇ ಒಪ್ಪಿಗೆ ಸಿಕ್ಕಿದೆ. ಅಂಗೈಗೂ ಕೊಡುತ್ತಾರೆ, ಆದರೆ ತುಂಬ ಕಡೆ ಚುಚ್ಚಬೇಕು, ನೋವು, ದುಡ್ಡೂ ಜಾಸ್ತಿ. ಕೆಲವು ತಿಂಗಳಷ್ಟೇ ಇರುತ್ತದೆ.

ಆಪರೇಷನ್ ಬಗ್ಗೆ ಎಲ್ಲೋ ನೋಡಿದೆ ಅಂತ ಅಂಚಿನಲ್ಲಿ ಬರೆದಿದ್ದೀಯ. ಅವಸರ ಮಾಡಬೇಡ, ಇದೊಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ. ಎದೆಯೊಳಗಿನ ನರ ಕತ್ತರಿಸುತ್ತಾರೆ, ಕೈ ಕೂಡಲೇ ಒಣಗುತ್ತದೆ, ನಿಜ. ಆದರೆ ಅದೇ ಬೆವರು ಬೆನ್ನಿಗೆ, ಹೊಟ್ಟೆಗೆ, ತೊಡೆಗೆ ತಿರುಗಿಕೊಳ್ಳುವುದು ಬಹಳ ಜನರಿಗೆ ಆಗುತ್ತದೆ. ಕತ್ತರಿಸಿದ ನರವನ್ನು ಮತ್ತೆ ಮೊದಲಿನಂತೆ ಮಾಡುವ ಭರವಸೆ ಇಲ್ಲ. ಉಳಿದದ್ದೆಲ್ಲ ನೋಡಿ, ಯಾವುದಕ್ಕೂ ಬಗ್ಗದಿದ್ದರೆ ಆಗ ಕೂತು ಯೋಚನೆ ಮಾಡೋಣ. ಒಬ್ಬಳೇ ತೀರ್ಮಾನ ಮಾಡಬೇಡ.

ಕಾಫಿಯಿಂದಲೂ ಕೆಲವರಿಗೆ ಜಾಸ್ತಿಯಾಗುತ್ತದಂತೆ. ತೋಟದ ಮನೆಯ ಹುಡುಗಿಗೆ ಕಾಫಿ ಬಿಡು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಎರಡು ಲೋಟಕ್ಕೆ ಇಳಿಸಿ ನೋಡು.

ಮತ್ತೆ ಆ ಸಾಲಿಗೇ ಬಂದೆ. ಶುಕ್ರವಾರ ರಾತ್ರಿ ಎದ್ದು ಮತ್ತೊಂದು ಸಲ ಓದಿದೆ. ನಿನ್ನ ಜೊತೆ ರೂಮಿನಲ್ಲಿರುವ ಹುಡುಗಿ, ನಿನಗೆ ಜಡೆ ಹಾಕಿಕೊಡುತ್ತಾಳೆ ಅಂತ ಹೋದ ಸಲ ಬರೆದಿದ್ದೆಯಲ್ಲ, ಅವಳಿಗೆ ಹೇಳು. ನನ್ನ ಕೈ ಹೀಗೆ, ಇದಕ್ಕೆ ಇಂಥ ಕಾರಣ ಅಂತ. ಅಷ್ಟು ಹೇಳಲು ಅರ್ಧ ನಿಮಿಷ ಸಾಕು. ಎಲ್ಲರಿಗೂ ಹೇಳಬೇಕಾಗಿಲ್ಲ. ಒಬ್ಬರಿಗೆ ಗೊತ್ತಿದ್ದರೆ ಹಗುರಾಗುತ್ತದೆ. ನಾನು ಹೇಳಿ ನೋಡಿಲ್ಲ, ಹಾಗಾಗಿ ಇದನ್ನು ಅನುಭವದಿಂದ ಬರೆಯುತ್ತಿದ್ದೇನೆ ಅನ್ನಲಾರೆ. ಹೇಳದೆ ಇದ್ದರೆ ಏನಾಗುತ್ತದೆ ಅನ್ನುವುದು ಮಾತ್ರ ಪೂರ್ತಿ ಗೊತ್ತು.

ಹಾಸನಾಂಬೆ ಸಾಲಿನ ವಿಷಯ ನಿಮ್ಮಕ್ಕನಿಗೆ ಇದುವರೆಗೂ ಹೇಳಿಲ್ಲ. ಯಾಕೆ ಸೆರಗು ಅಂತ ಅವಳಿಗೆ ಗೊತ್ತಿಲ್ಲ. ನಿನಗೆ ಬರೆದ ಮೇಲೆ ಅವಳಿಗೆ ಮುಚ್ಚಿಡುವುದು ಸರಿಯಲ್ಲ. ಇವತ್ತು ಸಂಜೆ ಫೋನ್ ಮಾಡುತ್ತೇನೆ. ಈ ಕಾಗದ ನಿನಗೆ ಸೇರುವುದರೊಳಗೆ ಅವಳಿಗೂ ತಿಳಿದಿರುತ್ತದೆ, ನಿನ್ನ ಹತ್ತಿರ ಮಾತು ತೆಗೆದರೆ ಗಾಬರಿಯಾಗಬೇಡ.

ಪಾದವೂ ಬೆವರುತ್ತದಾ? ನೀನು ಬರೆದಿಲ್ಲ. ಬೆವರುತ್ತಿದ್ದರೆ ಕಾಟನ್ ಸಾಕ್ಸ್ ಹಾಕು, ಒಂದೇ ಶೂ ದಿನಾ ಹಾಕಬೇಡ. ಡಾಕ್ಟರಿಗೆ ಅದನ್ನೂ ಹೇಳು. ತೋರಿಸಿಕೊಂಡು ಬಂದ ದಿನವೇ ಎರಡು ಸಾಲು ಬರಿ. ಪೆನ್ಸಿಲಿನಲ್ಲಿ ಬರಿ, ಹರಡುವುದಿಲ್ಲ.

ನಿನ್ನ
ದೊಡ್ಡಮ್ಮ