ಮಸ್ಕತ್‌ನಲ್ಲಿ ರೊಟ್ಟಿ ಬಡಿಯುವ ಸದ್ದು

ಅವ್ವಾ,

ನಿನಗೂ ಅಪ್ಪನಿಗೂ ನಮಸ್ಕಾರ. ನಾವು ಮೂವರೂ ಇಲ್ಲಿ ಆರಾಮ ಇದ್ದೇವೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ಊಟ ಆಯ್ತಾ, ಹುಡುಗಿ ಮಲಗಿದಳಾ ಅನ್ನುವುದರಲ್ಲೇ ನಮ್ಮ ಮಾತು ಮುಗಿಯುತ್ತದೆ. ಇವರ ಆಫೀಸಿನ ಸೇಡಂ ಹುಡುಗ ರಜೆಗೆ ಹೊರಟಿದ್ದಾನೆ. ಹೈದರಾಬಾದಿನಲ್ಲಿ ಇಳಿದು ಅಲ್ಲಿಂದ ರೈಲಿಗೆ ಬರುತ್ತಾನೆ. ಅವನ ಕೈಯಲ್ಲಿ ಈ ಕಾಗದ, ಒಂದು ಡಬ್ಬಿ ಹಲ್ವಾ, ಸ್ವಲ್ಪ ಲೋಬಾನ ಕಳಿಸಿದ್ದೇನೆ. ಇದು ಸಲಾಲಾ ಕಡೆಯ ಮರದ ಅಂಟು. ನಮ್ಮ ಬಂದೇನವಾಜ್ ದರ್ಗಾದ ಹತ್ತಿರ ಮಾರುತ್ತಾರಲ್ಲ, ಅದರದ್ದೂ ಹೆಸರು ಇದೇ, ವಾಸನೆ ಮಾತ್ರ ಬೇರೆ. ಕೆಂಡದ ಮೇಲೆ ಒಂದು ಚೂರು ಹಾಕಿ ನೋಡು.

ದುಬೈ ಬಿಟ್ಟು ಒಮಾನ್‌ಗೆ ಹೋಗುತ್ತೇವೆ ಅಂದಾಗ ಅಪ್ಪ ಏನಂದಿದ್ದರು, ನೆನಪಿದೆಯಾ? ಎರಡೂ ಅರಬರ ದೇಶ, ಕಲಬುರಗಿ ಬಿಟ್ಟು ಬೀದರಿಗೆ ಹೋದ ಹಾಗೆ ಅಂದರು. ನಾನೂ ಹಾಗೇ ಅಂದುಕೊಂಡೆ. ಹತ್ತಾ ಗಡಿ ದಾಟಿದರೆ ಆಯ್ತು, ದುಬೈಯಿಂದ ಮಸ್ಕತ್‌ಗೆ ಸುಮಾರು 450 ಕಿ.ಮೀ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಬಂದು ಸೇರಿದೆವು. ಆದರೆ ದುಬೈಗೆ ಬಂದಾಗ ನನಗೆ ಏನೂ ಗೊತ್ತಿರಲಿಲ್ಲ, ಕೇಳಿ ಕೇಳಿ ಕಲಿತೆ. ಇಲ್ಲಿಗೆ ಎಲ್ಲ ಗೊತ್ತು ಅಂತ ಬಂದೆ ನೋಡು, ಅದಕ್ಕೇ ಎಡವಿದ್ದು ಜಾಸ್ತಿ.

ಮೊದಲು ಭಾನುವಾರದ ಕಥೆ. ದುಬೈನಲ್ಲಿ 2022ರಿಂದ ಶನಿವಾರ-ಭಾನುವಾರ ರಜೆ. ಇಲ್ಲಿ ಈಗಲೂ ಶುಕ್ರವಾರ-ಶನಿವಾರ. ಗೊತ್ತಿತ್ತು, ಆದರೂ ಮೈಗೆ ಹತ್ತಿರಲಿಲ್ಲ. ಶಾಲೆಯ ಮೊದಲ ಭಾನುವಾರ ಬೆಳಿಗ್ಗೆ ವ್ಯಾನಿನವನು ಕೆಳಗೆ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ, ಹುಡುಗಿ ಹಾಸಿಗೆಯಲ್ಲಿ, ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ! ಇವರು ಲುಂಗಿಯಲ್ಲೇ ಓಡಿ ಹೋಗಿ ವ್ಯಾನ್ ಕಳಿಸಿ ಬಂದರು. ಅದಕ್ಕೇ ಇನ್ನು ಮೇಲೆ ಭಾನುವಾರ ಬೆಳಿಗ್ಗೆ ಫೋನ್ ಮಾಡಬೇಡ, ಶುಕ್ರವಾರ ಮಾಡು. ಗಂಟೆಯ ಲೆಕ್ಕ ಹಳೆಯದೇ, ನಿಮಗಿಂತ ಒಂದೂವರೆ ಗಂಟೆ ಹಿಂದೆ.

ಆಮೇಲೆ ದುಡ್ಡು. ಒಂದು ಒಮಾನಿ ರಿಯಾಲ್ ಅಂದರೆ ಸುಮಾರು ಒಂಬತ್ತೂವರೆ ದಿರ್ಹಾಮ್. ಒಂದು ರಿಯಾಲ್‌ಗೆ ಸಾವಿರ ಬೈಸಾ. ಒಂದಿನ ರುವಿ ಪೇಟೆಯಿಂದ ಟ್ಯಾಕ್ಸಿ ಹತ್ತಿದೆ. ಇಲ್ಲಿಯ ಕೇಸರಿ-ಬಿಳಿ ಟ್ಯಾಕ್ಸಿ ಓಡಿಸುವವರು ಒಮಾನಿಗಳೇ. ಬಿಳಿ ನಿಲುವಂಗಿ, ಕಸೂತಿ ಟೊಪ್ಪಿಗೆ, ಬಾಯಿ ತುಂಬ ಹಿಂದಿ. ಕೇರಳಾ ಅಂತ ಕೇಳಿದ. ಕಲಬುರಗಿ ಅಂದೆ. ಅರ್ಥ ಆಗಲಿಲ್ಲ. ಹೈದರಾಬಾದ್ ಹತ್ತಿರ ಅಂದ ಮೇಲೆ ತಲೆ ಆಡಿಸಿದ. ಇಳಿಯುವಾಗ 'ಪಾಂಚ್ ಸೌ' ಅಂದ. ನಾನು ಐದು ರಿಯಾಲ್ ನೋಟು ಕೊಟ್ಟು ನಡೆದೇ ಬಿಟ್ಟೆ. ಅವನು ಗಾಡಿ ನಿಲ್ಲಿಸಿ ಇಳಿದು ಬಂದು, ಐನೂರು ಬೈಸಾ ಅಮ್ಮಾ, ಅರ್ಧ ರಿಯಾಲ್ ಅಂತ ಚಿಲ್ಲರೆ ಎಣಿಸಿ ಕೈಗೆ ಕೊಟ್ಟ. ನಮ್ಮ ಸಾವಿರ ರೂಪಾಯಿ ಹೋಗುತ್ತಿತ್ತು!

ಆಗ ಮುತ್ಯಾ ನೆನಪಾದರು. ನಿಜಾಮರ ಕಾಲದಲ್ಲಿ ಸೊಲ್ಲಾಪುರಕ್ಕೆ ಹೋದರೆ ನಮ್ಮ ನಿಜಾಮಿ ರೂಪಾಯಿ ಹಾಲಿ ಸಿಕ್ಕಾ ನಡೆಯುತ್ತಿರಲಿಲ್ಲ, ಏಳು ಹಾಲಿ ಕೊಟ್ಟರೆ ಆರು ಕಲ್ದಾರ್, ಅಂದರೆ ಬ್ರಿಟಿಷರ ರೂಪಾಯಿ, ಅಂತ ಹೇಳುತ್ತಿದ್ದರಲ್ಲ. ಪಕ್ಕದೂರಿಗೆ ಹೋಗಿ ಮೋಸ ಹೋದೆ ಅನ್ನುತ್ತಿದ್ದರು. ಮೊಮ್ಮಗಳೂ ಅದೇ ದಾರಿ. ಅಪ್ಪನಿಗೆ ಇನ್ನೊಂದು ಓದಿ ಹೇಳು, ಖುಷಿಯಾಗುತ್ತಾರೆ. ಈ ಬೈಸಾ ಅಂದರೆ ನಮ್ಮ ಪೈಸಾನೇ. ಮೊದಲು ಇಲ್ಲೆಲ್ಲ ನಮ್ಮ ರೂಪಾಯಿಯೇ ಓಡಾಡುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫಿಗೆ ಅಂತಲೇ ಬೇರೆ ನೋಟು ಹೊರಡಿಸಿತು. ಒಮಾನ್‌ನಲ್ಲಿ ಅದು 1970ರ ತನಕ ನಡೆಯಿತಂತೆ.

ಕಾಗದಪತ್ರದ ಗೋಳು ತಮ್ಮನಿಗೆ ಗೊತ್ತು, ನನ್ನ ಮದುವೆ ಸರ್ಟಿಫಿಕೇಟ್ ಹಿಡಿದು ಬೆಂಗಳೂರಿಗೆ ಓಡಾಡಿದವನು ಅವನೇ. ದುಬೈಗೆ ಎಂಬಸಿ ಸೀಲು ಬೇಕು, ಒಮಾನ್‌ಗೆ ಅಪೊಸ್ಟಿಲ್ ಅನ್ನುವ ಬೇರೆಯೇ ಸರ್ಕಾರಿ ಮುದ್ರೆ. ಒಂದಕ್ಕೆ ಮಾಡಿಸಿದ್ದು ಇನ್ನೊಂದಕ್ಕೆ ಬರಲಿಲ್ಲ. ಇನ್ನು ಇಲ್ಲಿ ಮೆಟ್ರೋ ಇಲ್ಲ. ಹಾಗಾಗಿ ನಾನು ಗಾಡಿ ಕಲಿಯುತ್ತಿದ್ದೇನೆ. ಡ್ರಮ್ ಟೆಸ್ಟ್ ಅಂತ ಒಂದಿದೆ, ಡ್ರಮ್ಮುಗಳ ನಡುವೆ ಗಾಡಿ ಹಿಂದಕ್ಕೆ ತಂದು ನಿಲ್ಲಿಸಬೇಕು. ಒಂದು ಸಲ ಫೇಲ್ ಆಗಿದ್ದೇನೆ. ಅಪ್ಪನಿಗೆ ಇದನ್ನು ಓದಬೇಡ.

ನಮ್ಮ ಮನೆ ಇರುವುದು ವಾದಿ ಕಬೀರ್‌ನಲ್ಲಿ. ಇವರು ತಮಾಷೆಗೆ ವಾಡಿ ಜಂಕ್ಷನ್ ಅನ್ನುತ್ತಾರೆ. ವಾದಿ ಅಂದರೆ ಇಲ್ಲಿ ಒಣ ಹಳ್ಳ. ಮಳೆ ಬಂದರೆ ಗುಡ್ಡದ ನೀರೆಲ್ಲ ಒಮ್ಮೆಲೇ ನುಗ್ಗುತ್ತದೆ. ಹರಿಯುವ ವಾದಿಗೆ ಗಾಡಿ ಇಳಿಸಿದರೆ ಪೊಲೀಸರು ಕೇಸು ಹಾಕುತ್ತಾರೆ. ದುಬೈನ ಹಾಗೆ ಮುಗಿಲು ಮುಟ್ಟುವ ಕಟ್ಟಡ ಇಲ್ಲ. ಎಲ್ಲ ಗಿಡ್ಡ, ಎಲ್ಲ ಬಿಳಿ, ಹಿಂದೆ ಬೋಳು ಗುಡ್ಡ. ಕಣ್ಣಿಗೆ ತಂಪು.

ಈಗ ಮುಖ್ಯ ಸುದ್ದಿ. ನಿನಗೆ ಒಂದು ಮಾತು ಮುಚ್ಚಿಟ್ಟಿದ್ದೆ, ಬೈಯಬೇಡ. ದುಬೈನಲ್ಲಿ ಐದು ವರ್ಷ ನಾನು ರೊಟ್ಟಿ ಬಡಿದಿಲ್ಲ. ಹೋದ ಹೊಸದರಲ್ಲಿ ಬಡಿದೆ. ಕೆಳಗಿನ ಮನೆಯವರು ವಾಚ್‌ಮನ್‌ಗೆ ದೂರು ಕೊಟ್ಟರು. ಅವತ್ತಿನಿಂದ ಲಟ್ಟಣಿಗೆಯಲ್ಲಿ ಚಪಾತಿ ಹಾಗೆ ಲಟ್ಟಿಸುತ್ತಿದ್ದೆ. ಅದು ರೊಟ್ಟಿನಾ? ಸುಮ್ನೆ ಹೊಟ್ಟೆಗೆ ಅಷ್ಟೆ.

ಇಲ್ಲಿಗೆ ಬಂದ ಮೇಲೆ ಆಗಿದ್ದಾಗಲಿ ಅಂತ ಎಸರು ಇಟ್ಟು ಹಿಟ್ಟು ನಾದಿ ಬಡಿದೆ. ಅಂಗಡಿಯ ಜೋಳದ ಹಿಟ್ಟಿಗೆ ಜಿಗಿ ಕಡಿಮೆ, ಅಂಚು ಬಿಡುತ್ತದೆ. ಆದರೂ ನಾಲ್ಕು ರೊಟ್ಟಿ ಎದ್ದವು. ಮೂರನೇ ದಿನ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಒಮಾನಿ ಹೆಂಗಸು, ನಿನ್ನ ವಯಸ್ಸಿನವರು. ಹಿಟ್ಟಿನ ಕೈಯಲ್ಲೇ ನಿಂತೆ, ಎದೆ ಡವಡವ. ಅವರು ಹಿಂದಿಯಲ್ಲಿ, ದಿನಾ ಬೆಳಿಗ್ಗೆ ಗೋಡೆಯಲ್ಲಿ ಧಪ್ ಧಪ್ ಅಂತ ಕೇಳುತ್ತದೆ, ಏನದು, ನೋಡಬಹುದಾ ಅಂದರು. ಸೀದಾ ಒಲೆ ಹತ್ತಿರ ಬಂದರು. ನಾನು ಬಡಿಯುವುದನ್ನು, ನೀರು ಸವರಿ ತಿರುವುವುದನ್ನು ನೋಡಿದರು. ರೊಟ್ಟಿ ಉಬ್ಬಿದಾಗ ಚಿಕ್ಕ ಹುಡುಗಿ ಹಾಗೆ ಚಪ್ಪಾಳೆ ಹೊಡೆದರು. ಕಡಕ್ ರೊಟ್ಟಿ ಒಂದು ಚೂರು ಮುರಿದು ತಿಂದು, ಇದು ನಮ್ಮ ರಖಾಲ್ ಅಂದರು. ಆಮೇಲೆ ಅವರ ಮನೆಯಲ್ಲಿ ನೋಡಿದೆ. ಕಾದ ಹಂಚಿನ ಮೇಲೆ ಹಿಟ್ಟನ್ನು ಬರಿಗೈಯಲ್ಲೇ ಸವರುತ್ತಾರೆ, ಹಪ್ಪಳದಷ್ಟು ತೆಳು. ಕೈ ಸುಡಲ್ವಾ ಅಂದರೆ ನಗುತ್ತಾರೆ.

ಅವರನ್ನು ಏನಂತ ಕರೆಯಲಿ ಅಂದೆ. ಖಾಲಾ ಅನ್ನು ಅಂದರು. ನಮ್ಮ ಓಣಿಯಲ್ಲಿ ಚಿಕ್ಕವ್ವನಿಗೆ ಕರೆಯುವ ಅದೇ ಖಾಲಾ, ಅವ್ವಾ.

ಮರುದಿನ ಕಹ್ವಾಕ್ಕೆ ಕರೆದರು. ಮೊದಲು ಖರ್ಜೂರ, ಆಮೇಲೆ ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಾಫಿ. ಸಕ್ಕರೆ ಇಲ್ಲ, ಹಾಲು ಇಲ್ಲ. ಕುಡಿದೆ. ಮತ್ತೆ ಸುರಿದರು. ಕುಡಿದೆ. ಮತ್ತೆ. ದೊಡ್ಡವರು ಕೊಟ್ಟಿದ್ದು ಬೇಡ ಅನ್ನುವುದು ಹೇಗೆ ಅಂತ ಐದು ಬಟ್ಟಲು ಆಯ್ತು. ಆರನೆಯದಕ್ಕೆ ತಡೆಯಲಾರದೆ, ಬೇಡ ಅಂತ ನಮ್ಮೂರ ಮಾತಿನಲ್ಲೇ 'ನಕ್ಕೋ ಖಾಲಾ, ನಕ್ಕೋ' ಅಂದೆ. ಅವರಿಗೆ ನಕ್ಕೋ ಎಲ್ಲಿ ಅರ್ಥ ಆಗಬೇಕು? ಇನ್ನೂ ಸುರಿದರು! ಅವರ ಮಗಳು ನಕ್ಕು ನಕ್ಕು ಖಾಲಿ ಬಟ್ಟಲನ್ನು ಆಚೆ ಈಚೆ ಅಲ್ಲಾಡಿಸಿ ತೋರಿಸಿದಳು. ಹೀಗೆ ಮಾಡಿ ಕೊಟ್ಟರೆ ಸಾಕು ಅಂತ ಅರ್ಥ, ಮಾಡದಿದ್ದರೆ ಸುರಿಯುತ್ತಲೇ ಇರುತ್ತಾರೆ. ದುಬೈನಲ್ಲಿ ಐದು ವರ್ಷ ಇದ್ದೆ, ಇಷ್ಟು ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು, ಒಬ್ಬ ಅರಬರ ಮನೆಯ ಹೊಸ್ತಿಲೂ ತುಳಿದಿರಲಿಲ್ಲ. ಅವತ್ತು ರಾತ್ರಿ ಎರಡು ಗಂಟೆ ತನಕ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಸೇಡಂ ಹುಡುಗ ತಿಂಗಳ ಕೊನೆಗೆ ವಾಪಸ್ ಹೊರಡುತ್ತಾನೆ. ಅವನ ಕೈಗೆ ಎರಡು ಕೆ.ಜಿ. ಜೋಳದ ಹಿಟ್ಟು ಹೊಸದಾಗಿ ಬೀಸಿಸಿ ಕೊಡು. ತೊಗರಿಬೇಳೆಯೂ ಇರಲಿ. ಪುಂಡಿಪಲ್ಯ ಬೇಡ, ಹೋದ ಸಲ ಡಬ್ಬಿ ಸೋರಿ ಅವನ ಅಂಗಿ ಎಲ್ಲ ಹುಳಿ ವಾಸನೆ. ಶೇಂಗಾ ಹಿಂಡಿ ಎರಡು ಪೊಟ್ಟಣ ಬೇರೆ ಬೇರೆ ಕಟ್ಟು. ಒಂದಕ್ಕೆ ಖಾರ ಕಡಿಮೆ ಹಾಕು, ಅದು ಖಾಲಾಗೆ.

ನಿನ್ನ ಮಗಳು